ಐನೂರು ತಾಸಿನ ಅಭ್ಯಾಸ

ಇನ್ನು ಹದಿನೆಂಟು ತಾಸು. ಅಷ್ಟನ್ನು ಒಂದೂ ತಪ್ಪಿಲ್ಲದೆ ಮುಗಿಸಿದರೆ ಫಕೀರವ್ವನಿಗೆ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ, ಎರಡು ಉಡ, ಬಾಗಿಲ ಮೇಲೆ ತನ್ನದೇ ಹೆಸರಿನ ಬೋರ್ಡು ಸಿಗುವುದಿತ್ತು. ಆ ಬೋರ್ಡಿನ ಬಣ್ಣ ಯಾವುದಿರಬೇಕೆಂದು ಅವಳು ಎರಡು ವರ್ಷದಿಂದ ಯೋಚಿಸುತ್ತಿದ್ದಳು. ಹಳದಿಯ ಮೇಲೆ ಕೆಂಪು ಅಕ್ಷರ ಎಂದು ಒಮ್ಮೆ ಅನ್ನಿಸುತ್ತಿತ್ತು. ಬೇಡ, ಖಾನಾವಳಿಯ ಬೋರ್ಡಿನ ಹಾಗೆ ಕಾಣುತ್ತದೆ ಎಂದು ಇನ್ನೊಮ್ಮೆ.

ಉಡ ಅಂದರೆ ಇಲ್ಲಿ ಪ್ರಾಣಿಯಲ್ಲ. ಗುಡದಾಳದ ಗುಡ್ಡಸಾಲಿನ ಮೇಲೆ ಇನ್ನೂರ ಹತ್ತು ಗಾಳಿಯಂತ್ರಗಳಿವೆ. ಊರವರು ಅವನ್ನು ಫ್ಯಾನು ಅನ್ನುತ್ತಾರೆ, ಇಷ್ಟು ವರ್ಷ ತಿರುಗಿದರೂ ಒಬ್ಬರ ಬೆವರನ್ನೂ ಆರಿಸದ ಫ್ಯಾನು ಎಂದು ನಗುತ್ತಾರೆ. ಒಂದೊಂದು ರೆಕ್ಕೆಯೂ ಆರು ಲಾರಿ ಸಾಲಾಗಿ ನಿಂತಷ್ಟು ಉದ್ದ. ಧೂಳು, ಆಲಿಕಲ್ಲು, ಸಿಡಿಲು ತಾಗಿ ಅದರ ಅಂಚು ಸವೆಯುತ್ತದೆ. ಸವೆದ ಕಡೆ ಉಜ್ಜಿ, ಪುಟ್ಟಿ ತುಂಬಿ ನುಣುಪು ಮಾಡಲು ಹಿಂದೆ ಗಂಡಸರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದರು. ಈಗ ಮೇಜಿನಷ್ಟು ದೊಡ್ಡ ಯಂತ್ರವೊಂದು ಹೊಟ್ಟೆಯಡಿಯ ಗಾಳಿ ಹೀರಿಕೊಂಡು ರೆಕ್ಕೆಗೆ ಅಂಟಿ ಹರಿದಾಡುತ್ತದೆ. ಅದರ ಹಿಡಿತ ನೋಡಿ ಊರವರೇ ಇಟ್ಟ ಹೆಸರು ಉಡ. ಗುಡ್ಡದ ಮೇಲಿನ ಉಡಗಳು ಸ್ವಂತ ಬುದ್ಧಿಯಿಂದ ನಡೆಯುತ್ತವೆ, ಅವನ್ನು ಯಾರೂ ನಡೆಸುವುದಿಲ್ಲ ಎಂದು ಎಲ್ಲರಿಗೂ ಹೇಳಲಾಗಿತ್ತು. ಮುಂದೆ ಅವು ಹೆಚ್ಚಾದಾಗ, ಅವಕ್ಕೆ ಬುದ್ಧಿ ಸಾಲದ ಕಡೆ, ಕೈ ಪಳಗಿದ ಸ್ಥಳೀಯರು ಬೇಕಾಗುತ್ತಾರಂತೆ. ಅದಕ್ಕಾಗಿಯೇ ಊರಲ್ಲಿ ಹಸಿರು ಕೌಶಲ ಮತ್ತು ಕಿರು ಉದ್ಯಮ ಕೇಂದ್ರ ತೆರೆದಿತ್ತು.

ಕೇಂದ್ರ ಇದ್ದದ್ದು ಹಳೆಯ ಹತ್ತಿ ಗೋದಾಮಿನಲ್ಲಿ. ಕಿಟಕಿಯಿಲ್ಲದ ಹಾಲಿನಲ್ಲಿ ನಲವತ್ತು ಕುರ್ಚಿ, ನಲವತ್ತು ಹೆಂಗಸರು, ಎಲ್ಲರ ಕಣ್ಣಿಗೂ ದಪ್ಪ ಕನ್ನಡಕ, ಕೈಗೆ ಗವಸು. ಕನ್ನಡಕ ಹಾಕಿದೊಡನೆ ಎದುರಿಗೆ ಕಂಪ್ಯೂಟರ್ ಬರೆದ ಫ್ಯಾನು ನಿಲ್ಲುತ್ತಿತ್ತು. ಕೆಳಗೆ ನೆಲವಿಲ್ಲ, ಮೇಲೆ ಆಕಾಶವಿಲ್ಲ, ಸುತ್ತ ಬರೀ ಬೂದು ಮಂಜು. ಕೈ ಆಡಿಸಿದರೆ ಚಿತ್ರದೊಳಗಿನ ಉಡ ಕೈಯಾಡಿಸುತ್ತಿತ್ತು. ಉಡ ಮುಟ್ಟಿದ್ದು ಗವಸಿನೊಳಗೆ ಬೆರಳಿಗೇ ತಾಗುತ್ತಿತ್ತು: ಒರಟು ಒರಟಾಗಿ, ತಣ್ಣಗಿದ್ದರೆ ತಣ್ಣಗೆ.

"ಇದು ಬರೇ ಚಿತ್ರ ಐತ್ರೀ, ಹೆದರಬ್ಯಾಡ್ರಿ. ತಪ್ಪಿದ್ರ ಯಾರೂ ಸಾಯಂಗಿಲ್ಲ," ಎಂದಿದ್ದರು ಕಲಿಸುವ ಪ್ರಹ್ಲಾದ ಸರ್ ಮೊದಲ ದಿನವೇ. ಯಾರೂ ಸಾಯುತ್ತಿರಲಿಲ್ಲ ನಿಜ, ಆದರೆ ಒಂದು ತಪ್ಪಿಗೆ ಹತ್ತು ತಾಸು ಕಡಿತವಾಗುತ್ತಿತ್ತು. ಹಾಲಿನ ಗೋಡೆಯ ಮೇಲೆ ಇಳಕಲ್ ಸೀರೆಯುಟ್ಟ ಒಬ್ಬ ಹೆಂಗಸಿನ ದೊಡ್ಡ ಫೋಟೋ ಇತ್ತು. ತನ್ನ ಅಂಗಡಿಯ ಬೋರ್ಡಿನ ಕೆಳಗೆ ನಿಂತು ಆಕೆ ನಗುತ್ತಿದ್ದಳು. ತಪ್ಪು ಮಾಡಿ ತಾಸು ಕಳೆದುಕೊಂಡವರು ಆ ಫೋಟೋ ನೋಡಿ ಮತ್ತೆ ಕುರ್ಚಿಗೆ ಬರುತ್ತಿದ್ದರು.

ಊರಿಗೇ ಈಗ ಕಲಿಕೆಯ ಗಾಳಿ ಹಿಡಿದಿತ್ತು. ಬ್ಯಾಟರಿ ತರಬೇತಿ, ಬಿಸಿಲುಫಲಕದ ತರಬೇತಿ, ತಂತಿ ತರಬೇತಿ, ಒಂದರ ಬೆನ್ನಿಗೆ ಒಂದು. ಮನೆಗಳ ಗೋಡೆಯಲ್ಲಿ ದೇವರ ಪಟಗಳಿಗಿಂತ ಸರ್ಟಿಫಿಕೇಟುಗಳೇ ಜಾಸ್ತಿ. ಹೆಣ್ಣು ನೋಡಲು ಬಂದವರನ್ನು ಹುಡುಗ ಏನು ಮಾಡುತ್ತಾನೆ ಎಂದು ಕೇಳಿದರೆ "ತರಬೇತ್ಯಾಗ ಅದಾನ್ರೀ" ಅನ್ನುತ್ತಿದ್ದರು, ಕೇಳಿದವರೂ ತಲೆಯಾಡಿಸುತ್ತಿದ್ದರು. ಐನೂರು ತಾಸು ಮುಗಿಯುವ ಹೊತ್ತಿಗೆ ಪಠ್ಯ ಬದಲಾಗುವುದು, ಹೊಸ ಐನೂರು ಶುರುವಾಗುವುದು ಎರಡು ಬಾರಿ ಆಗಿತ್ತು. ಈ ಬಾರಿ ಹಾಗಾಗುವುದಿಲ್ಲ ಎಂದು ಲಿಖಿತವಾಗಿಯೇ ಕೊಟ್ಟಿದ್ದರು.

ಫಕೀರವ್ವನ ಗಂಡ ಈರಬಸಪ್ಪ ಏಳು ವರ್ಷ ಹಗ್ಗದ ಮೇಲೆ ಇಳಿದವನು. ಉಡಗಳು ಬಂದ ದಿನ ಗುತ್ತಿಗೆದಾರ ಹನ್ನೊಂದು ಜನರನ್ನು ಟ್ರ್ಯಾಕ್ಟರಿನಿಂದ ಇಳಿಸಿ, ನಾಳೆಯಿಂದ ಬರಬೇಡಿ ಅಂದಿದ್ದ. ಈರಬಸಪ್ಪ ಮೊದಲು ತಾನೇ ಕೌಶಲ ಕೇಂದ್ರಕ್ಕೆ ಹೋಗಿ ನಿಂತಿದ್ದ. ಅನುಭವದ ಪತ್ರ ತಾ ಎಂದರು. ಅಂಗೈ ತೋರಿಸಿದ. ಕೈ ಬೇಡ, ಕಾಗದ ಬೇಕು ಎಂದರು. ಯಾವ ಹಾಜರಿ ಪುಸ್ತಕದಲ್ಲೂ ಅವನ ಹೆಸರಿರಲಿಲ್ಲ. ಈಗ ಅವನು ಯಾರದ್ದೋ ಟಂಟಂ ಆಟೋ ಓಡಿಸುತ್ತಿದ್ದ. ದಿನಾ ಬೆಳಿಗ್ಗೆ ಹೆಂಡತಿಯನ್ನೂ ಓಣಿಯ ಮತ್ತೆ ಆರು ಹೆಂಗಸರನ್ನೂ ಕೂರಿಸಿಕೊಂಡು ಕೇಂದ್ರದ ಬಾಗಿಲಿಗೆ ಬಿಡುತ್ತಿದ್ದ.

"ಇವತ್ತೇನು ಗೊಂಬಿ ಆಟ ಆಡಿದಿ?" ಎಂದು ಸಂಜೆ ಕೇಳುವುದು ಅವನ ರೂಢಿ.

"ರೆಕ್ಕಿ ಅಂಚಿಗೆ ಪುಟ್ಟಿ ತುಂಬಿದೆ. ನಿಮಗಿಂತ ನುಣ್ಣಗ," ಎಂದು ಅವಳೂ ಬಿಡುತ್ತಿರಲಿಲ್ಲ.

"ಗಾಳಿ ಇಲ್ಲದಲ್ಲಿ ಯಾರರ ತುಂಬತಾರ ಬಿಡು."

ಅವನ ಮಾತಿನಲ್ಲಿ ತಮಾಷೆಗಿಂತ ಉರಿ ಜಾಸ್ತಿ ಎಂಬುದು ಅವಳಿಗೆ ಗೊತ್ತಿತ್ತು. ಬೋರ್ಡು ಬಿದ್ದ ದಿನ ಮೊದಲು ಕೆಲಸಕ್ಕೆ ಕರೆಯುವುದು ಇವನನ್ನೇ ಎಂದು ಅವಳು ನಿಶ್ಚಯಿಸಿದ್ದಳು. ಹೇಳಿರಲಿಲ್ಲ. ಹೆಂಡತಿಯ ಅಂಗಡಿಯಲ್ಲಿ ಆಳು ಅಂದರೆ ಸಿಟ್ಟಾದಾನು ಎಂಬ ಅಳುಕು.

ನಾನೂರ ಎಂಬತ್ತಮೂರನೆಯ ತಾಸಿಗೆ ಮೇಲ್ಪಾಠ ಶುರುವಾಯಿತು. ಅಲ್ಲಿಯವರೆಗೆ ರೆಕ್ಕೆಯ ತುದಿ, ಕಂಬದ ನಡು, ಅಷ್ಟೇ. ಈಗ ಉಡ ಫ್ಯಾನಿನ ನೆತ್ತಿಯ ಪೆಟ್ಟಿಗೆಯಿಂದ ಹೊರಬಂದು, ಚಾವಣಿ ದಾಟಿ ರೆಕ್ಕೆಯ ಬುಡಕ್ಕೆ ಇಳಿಯಬೇಕು. ಫಕೀರವ್ವ ಚಾವಣಿ ದಾಟುವಾಗ ಮೂಲೆಯಲ್ಲೊಂದು ಕಬ್ಬಿಣದ ಕೊಂಡಿ ಕಂಡಿತು. ಕೊಂಡಿಯ ಬುಡದಲ್ಲಿ ಏನೋ ಕಪ್ಪಗಿತ್ತು. ಸುಟ್ಟ ಕಲೆ ಇರಬೇಕು, ಇದನ್ನೂ ಉಜ್ಜಬೇಕೋ ಏನೋ ಎಂದುಕೊಂಡು ಉಡದ ಕೈ ಚಾಚಿ ಮುಟ್ಟಿದಳು.

ಉಣ್ಣೆ.

ಕರಿ ಕಂಬಳಿಯ ದಾರ ಅದು, ಬಿಸಿಲಿಗೆ ಬಿರುಸಾಗಿದ್ದರೂ ಕಂಬಳಿಯದೇ. ಬೆರಳು ಗಂಟಿನ ಮೇಲೆ ಹರಿದಾಡಿತು. ಎರಡು ಕುಣಿಕೆ, ದಾರದ ಬಾಲವನ್ನು ಹಿಂದಕ್ಕೆ ಮಡಚಿ ಒಳಗೆ ತೂರಿಸಿದ್ದು. ಕುರಿಮರಿ ಕಟ್ಟುವ ಗಂಟು. ಅವಳ ಅತ್ತೆಯ ತವರಿನವರು ಬಿಟ್ಟರೆ ಈ ಸೀಮೆಯಲ್ಲಿ ಯಾರೂ ಹಾಗೆ ಕಟ್ಟುವುದಿಲ್ಲ. ಮಗನ ತೊಟ್ಟಿಲಿಗೆ ದೃಷ್ಟಿಯಾಗದಿರಲೆಂದು ಈರಬಸಪ್ಪ ಕಟ್ಟಿದ್ದೂ ಅದೇ ಗಂಟು.

ಕಂಪ್ಯೂಟರಿಗೆ ಫ್ಯಾನು ಬರೆಯಲು ಬರುತ್ತದೆ, ಒಪ್ಪೋಣ. ಈರಬಸಪ್ಪನ ಗಂಟು ಬರೆಯಲು ಅದಕ್ಕೆ ಯಾರು ಕಲಿಸಿದರು? ಆ ತಾಸಿನ ಉಳಿದ ಪಾಠವನ್ನು ಅವಳು ತಪ್ಪಿಲ್ಲದೆ ಮುಗಿಸಿದಳು.

ಸಂಜೆ ರೊಟ್ಟಿ ತಟ್ಟುತ್ತ, ಮುಖ ತಿರುಗಿಸದೆ ಕೇಳಿದಳು. "ಫ್ಯಾನಿನ ಮ್ಯಾಲೆ ಏನರ ಕಟ್ಟತಿದ್ರೇನು ನೀವು?"

ಈರಬಸಪ್ಪ ನಾಚಿದವನ ಹಾಗೆ ನಕ್ಕ. "ಯಾರ ಹೇಳಿದ್ರ ನಿನಗ? ಹಗ್ಗ ಸಿಗಿಸೋ ಕೊಂಡಿಗೆ ಅವ್ವನ ಕಂಬಳಿ ದಾರ ಕಟ್ಟತಿದ್ದೆ. ಹಗ್ಗ ಕಂಪನೀದು, ಧೈರ್ಯ ಆದ್ರೂ ನಮ್ಮ ಮನೀದಿರ್ಲಿ ಅಂತ. ನಾ ಇಳಿದ ಹದಿನಾಕು ಫ್ಯಾನಿಗೂ ಕಟ್ಟೇನಿ. ಮೇಸ್ತ್ರಿಗೆ ಗೊತ್ತಾಗಿದ್ರ ಬೈತಿದ್ದ." ತನ್ನ ಅಂಗೈ ನೋಡಿಕೊಂಡು ಅಂದ: "ನಾ ಅಲ್ಲಿದ್ದೆ ಅನ್ನಾಕ ಅದೊಂದ ಉಳದೈತಿ ನೋಡು."

ಅವಳು ಒಲೆ ಸಣ್ಣ ಮಾಡಿ, ಕಂಡದ್ದನ್ನೆಲ್ಲ ಹೇಳಿದಳು. ಅವನು ನಂಬಲಿಲ್ಲ. ನಂಬಿಸುವ ದಾರಿಯನ್ನು ಅವಳೇ ಹುಡುಕಿದಳು. ಮರುದಿನ ಹನ್ನೊಂದಕ್ಕೆ ತನ್ನ ತಾಸು; ಅವನು ಕೇಂದ್ರದ ಎದುರಿನ ಚಾದಂಗಡಿಯಲ್ಲಿ ಕೂತು ಗುಡ್ಡದ ಕಡೆ ಕಣ್ಣಿಟ್ಟಿರಬೇಕು; ತಾನು ಉಡದ ಕೈಯನ್ನು ಎರಡು ಸಲ ಮೇಲೆತ್ತುತ್ತೇನೆ.

ಮರುದಿನ ಸಂಜೆ ಟಂಟಂನಲ್ಲಿ ಇತರ ಹೆಂಗಸರಿದ್ದ ಕಾರಣ ಅವನು ಬಾಯಿ ಬಿಡಲಿಲ್ಲ. ಮನೆ ಹೊಕ್ಕು ಬಾಗಿಲು ಹಾಕಿದ ಮೇಲೆ ಅವಳ ಎರಡೂ ಕೈ ಹಿಡಿದುಕೊಂಡ. ಮದುವೆಯಾದ ಮೇಲೆ ಹಗಲು ಹೊತ್ತಿನಲ್ಲಿ ಹಾಗೆ ಹಿಡಿದದ್ದು ಅದೇ ಮೊದಲು.

"ಮೂವತ್ತೇಳನೇ ಫ್ಯಾನು. ನಿಂತಿತ್ತು. ಉಡ ಹೊರಗ ಬಂತು, ಕೈ ಎತ್ತಿತು ಫಕೀರಿ, ಎರಡು ಸಲ! ನಾನೂ ಇಲ್ಲಿಂದ ಎತ್ತಿದೆ. ಚಾದಂಗಡಿಯಾಂವ ಇವಗೇನ ತಲಿ ಕೆಟ್ಟೈತೇನ ಅಂತ ನೋಡಾಕತ್ತಿದ್ದ." ಅವನ ಕಣ್ಣು ತುಂಬಿತ್ತು. "ಗೊಂಬಿ ಆಟ ಅಲ್ಲಲೇ. ನೀ ಕೆಲಸ ಮಾಡಾಕತ್ತೀದಿ. ಖರೇ ಕೆಲಸ. ನಾ ಮಾಡತಿದ್ನಲ್ಲ, ಅದ ಕೆಲಸ!"

ಅವಳಿಗೆ ಹೆಮ್ಮೆಯಾಯಿತು. ಸುಳ್ಳೇಕೆ, ಬೆನ್ನು ನೆಟ್ಟಗಾಗುವಷ್ಟು ಹೆಮ್ಮೆಯಾಯಿತು. ಆಮೇಲೆ ಲೆಕ್ಕ ಹಾಕತೊಡಗಿದಳು. ಎರಡು ವರ್ಷ, ನಲವತ್ತು ಜನ. ಗುಡ್ಡದ ಉಡಗಳಿಗೆ ಸ್ವಂತ ಬುದ್ಧಿ ಎಂದೂ ಇರಲಿಲ್ಲ. ಅವುಗಳೊಳಗೆ ಇದ್ದದ್ದು ಪಕ್ಕದ ಕುರ್ಚಿಗಳ ಹುಸೇನಬಿಯ ಕೈ, ಕಸ್ತೂರೆವ್ವನ ಕೈ, ತನ್ನ ಕೈ. ಕನ್ನಡಕದೊಳಗೆ ನೆಲ, ಆಕಾಶ, ಕಂಬದ ನಂಬರು ಎಲ್ಲವನ್ನೂ ಅಳಿಸಿ ಮಂಜು ಬಳಿದಿದ್ದರು. ಹಾಗೆ ಅಳಿಸುವ ಯಂತ್ರ ಕಂಬಳಿ ದಾರವನ್ನು ಮಾತ್ರ ಫ್ಯಾನಿನದೇ ಭಾಗ ಅಂದುಕೊಂಡು ಹಾಗೇ ಉಳಿಸಿತ್ತು, ಅಷ್ಟೇ.

ಮೂರನೆಯ ದಿನ ಅವಳು ಗವಸು ಹಾಕಿಕೊಳ್ಳಲಿಲ್ಲ. ನೇರ ಪ್ರಹ್ಲಾದ ಸರ್ ಕೂರುವ ನಿಯಂತ್ರಣ ಕೋಣೆಗೆ ನಡೆದಳು. ಒಳಗೆ ಕಾಲಿಟ್ಟದ್ದು ಅದೇ ಮೊದಲು. ಗೋಡೆತುಂಬ ನಲವತ್ತು ಪರದೆ. ಹಾಲಿನೊಳಗೆ ಮಂಜಿದ್ದ ಕಡೆ ಇಲ್ಲಿ ಗುಡ್ಡವಿತ್ತು, ಜೋಳದ ಹೊಲವಿತ್ತು, ಮೇಯುವ ಕುರಿಗಳಿದ್ದವು. ಒಂದು ಪರದೆಯ ಮೂಲೆಯಲ್ಲಿ ಅವಳ ಓಣಿಯೇ ಇತ್ತು. ಮಾಳಿಗೆಯ ಮೇಲೆ ಒಣಹಾಕಿದ ತನ್ನ ಹಸಿರು ಸೀರೆಯನ್ನು ಅವಳು ಗುರುತಿಸಿದಳು.

"ಸರ್, ಇದು ಚಿತ್ರ ಏನ್ರೀ?"

ಪ್ರಹ್ಲಾದ ಸರ್ ಎದ್ದು ಬಾಗಿಲು ಮುಂದೆ ಮಾಡಿದರು. ನಲವತ್ತರ ಹತ್ತಿರದ ಮನುಷ್ಯ, ಧಾರವಾಡದ ಕಡೆಯವರು, ಯಾರಿಗೂ ಗದರಿದವರಲ್ಲ. "ಕೂಡ್ರಿ ಫಕೀರವ್ವಾರ. ಹೆಂಗ ಗೊತ್ತಾತು?"

ಅವಳು ಹದಿನಾಲ್ಕು ಫ್ಯಾನಿನ ದಾರದ ವಿಷಯ ಹೇಳಿದಳು. ಅವರು ಹಣೆ ಒತ್ತಿಕೊಂಡರು.

"ಉಡಕ್ಕ ಸ್ವಂತ ಬುದ್ಧಿ ಕೂಡಸಾಕ ಭಾಳ ವರ್ಷ ನೋಡಿದ್ರಂತ್ರಿ. ಅಂಚಿನ ನುಣುಪು ಮನಷ್ಯಾನ ಬೆರಳಿಗಷ್ಟ ತಿಳಿತದ, ಯಂತ್ರಕ್ಕ ತಿಳಿವಲ್ದು. ಆದ್ರ ಯಂತ್ರ ತಾನ ನಡೀತದ ಅಂತ ಮದ್ಲ ಒಪ್ಪಂದ ಆಗಿಬಿಟ್ಟಿತ್ತು. ಅದಕ್ಕ ಈ ದಾರಿ."

"ನಾವು ಮಾಡಿದ್ದು ಕೆಲಸ ಆದ್ರ ನಮ್ಮನ್ನ ಕೆಲಸದಾಗ ಯಾಕ ತಗೋಳಿಲ್ರೀ? ನೀವು ಸಂಬಳ ಎಣಿಸ್ಕೊಂಡು ನಮ್ಮ ಕಣ್ಣಿಗೆ ಮಣ್ಣೆರಚಿದ್ರಿ."

ಪ್ರಹ್ಲಾದ ಸರ್ ಕುತ್ತಿಗೆಯ ಗುರುತಿನ ಚೀಟಿಯನ್ನು ಮಗುಚಿ ತೋರಿಸಿದರು. ಎರಡು ವರ್ಷದಿಂದ ಅದರ ಮುಂಭಾಗವನ್ನಷ್ಟೇ ಎಲ್ಲರೂ ನೋಡಿದ್ದರು. ಹಿಂಭಾಗದಲ್ಲಿ ಹೀಗಿತ್ತು: ತರಬೇತುದಾರರ ತರಬೇತಿ, ಅಭ್ಯರ್ಥಿ.

"ನಂದು ಎರಡು ಸಾವಿರ ತಾಸು. ಸಾವಿರದ ನೂರು ಮುಗದಾವು. ಮುಗದ ಮ್ಯಾಲೆ ನೌಕರಿ." ಅವರು ಮೂಲೆಯ ಸಣ್ಣ ಪರದೆಯತ್ತ ಕೈ ತೋರಿಸಿದರು. ಅಲ್ಲಿ ಯಾವುದೋ ಊರಿನ ಒಬ್ಬ ಹುಡುಗಿ ಕಿವಿಗೆ ಯಂತ್ರ ಸಿಗಿಸಿಕೊಂಡು ಕೂತಿದ್ದಳು. "ಆಕಿ ನನ್ನ ತಪ್ಪು ಬರಕೋತಾಳ. ಆಕೀನೂ ಮ್ಯಾಲ್ವಿಚಾರಣಿ ಕಲಿಯಾಕತ್ತಾಳ."

"ಹಂಗಾದ್ರ ಕೆಲಸದ ಮ್ಯಾಲೆ ಯಾರದಾರ್ರೀ?"

"ನಾನೂ ಹುಡುಕಾಕತ್ತೀನ್ರೀ. ಇನ್ನೂ ಸಿಕ್ಕಿಲ್ಲ."

ಫಕೀರವ್ವನಿಗೆ ಸಿಟ್ಟನ್ನು ಯಾರ ಮೇಲೆ ಇಳಿಸುವುದೆಂದೇ ತಿಳಿಯದಾಯಿತು. ಬಾಗಿಲ ಸಂದಿಯಿಂದ ಹಾಲಿನ ಗೋಡೆ ಕಾಣುತ್ತಿತ್ತು. "ಆ ಫೋಟೋದಾಕಿ ಯಾವೂರಾಕಿ? ಆಕಿಗಾದ್ರೂ ಅಂಗಡಿ ಸಿಕ್ಕೈತಲ್ರೀ."

ಪ್ರಹ್ಲಾದ ಸರ್ ಫೋಟೋದತ್ತ ತಿರುಗದೆ, "ಅದು ಕಂಪ್ಯೂಟರ್ ಬರದ ಚಿತ್ರ ಅವ್ವಾರ" ಅಂದರು.

ಎಲ್ಲರಿಗೂ ಹೇಳುತ್ತೇನೆ ಎಂದು ಅವಳು ಎದ್ದಳು. ಅವರು ತಡೆಯಲಿಲ್ಲ. ಒಂದು ನಿಯಮದ ಹಾಳೆಯನ್ನು ಮಾತ್ರ ಮುಂದಿಟ್ಟು ಬೆರಳಿಟ್ಟು ಓದಿದರು. ಪರವಾನಗಿಯಿಲ್ಲದೆ ಚಾಲ್ತಿಯಲ್ಲಿರುವ ಗಾಳಿಯಂತ್ರವನ್ನು ಮುಟ್ಟುವುದು ಅಪರಾಧ. ಐನೂರು ತಾಸಿನ ಅಭ್ಯಾಸವಿಲ್ಲದೆ ಪರವಾನಗಿಯಿಲ್ಲ.

"ತಿಳ್ಕೊಳ್ರಿ. ನೀವು ಮುಟ್ಟಿದ್ದು ಖರೇ ಫ್ಯಾನು ಆದ್ರ, ಪರವಾನಗಿ ಇಲ್ದ ಮುಟ್ಟೀರಿ. ಆ ತಾಸು ಯಾವೂ ಅಭ್ಯಾಸ ಅಲ್ಲ, ಎಲ್ಲಾ ರದ್ದು. ನಿಮ್ಮವಷ್ಟ ಅಲ್ಲ, ನಲವತ್ತೂ ಮಂದೀವು. ಹುಸೇನಬಿಯವರದು ನಾನೂರ ತೊಂಬತ್ತೇಳು ಆಗ್ಯಾವ. ನೀವು ಮುಟ್ಟಿದ್ದು ಚಿತ್ರ ಆದ್ರ, ನಿಮ್ಮವು ಇನ್ನ ಹದಿನಾರು ಉಳದಾವ. ಈ ಸಲ ಪಠ್ಯ ಬದಲಾಗಂಗಿಲ್ಲ, ಅದು ಖರೆ, ನಾ ನೋಡೀನಿ, ಮ್ಯಾಲಿಂದ ಸಹಿ ಆಗೇದ. ಬೋರ್ಡು ಬರ್ತದ." ಅವರ ದನಿ ತಗ್ಗಿತು. "ನೀವು ಏನ ನೋಡಿದ್ರಿ ಅಂತ ನೀವ ಹೇಳಬೇಕು. ನಾಳಿ ಮುಂಜಾನಿತನ ವ್ಯಾಳ್ಯಾ ಕೊಡ್ತೀನಿ. ಆಮ್ಯಾಲೆ ನಾ ಬರದು ಕಳಸಾಕಬೇಕು. ಇಲ್ಲಂದ್ರ ನನ್ನ ತಾಸು ಹೋಗ್ತಾವ."

ಅವಳು ಹಾಲಿಗೆ ಬಂದಳು. ಹುಸೇನಬಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ, "ಯವ್ವಾ, ಇನ್ನ ಮೂರ ತಾಸು. ನನ್ನ ಬೋರ್ಡು ಉದ್ಘಾಟನಿಗೆ ನೀ ಟೇಪು ಕತ್ತರಿಸಬೇಕು ನೋಡು" ಅಂದಳು. ನಲವತ್ತು ಮನೆಗಳ ಅನ್ನಕ್ಕೆ ಮಣ್ಣು ಹಾಕುವ ಮಾತು ಫಕೀರವ್ವನ ನಾಲಿಗೆಯ ಮೇಲಿತ್ತು. ನುಂಗಿದಳು.

ಆ ಸಂಜೆ ಈರಬಸಪ್ಪ ಇನ್ನೂ ಹುರುಪಿನಲ್ಲಿದ್ದ. ನಾಳೆ ಮತ್ತೆ ಚಾದಂಗಡಿಯಲ್ಲಿ ಕೂರುತ್ತೇನೆ, ಮಗನನ್ನೂ ಕರೆದುಕೊಂಡು ಹೋಗಿ ಅವನ ಅವ್ವನ ಕೆಲಸ ತೋರಿಸುತ್ತೇನೆ ಅಂದ. ಅವಳು ಬೇಡ ಎಂದಳೇ ಹೊರತು ಯಾಕೆಂದು ಹೇಳಲಿಲ್ಲ.

ಮುಂಜಾನೆ ಅವಳು ಹೇಳಿಕೆ ಬರೆದು ಸಹಿ ಹಾಕಿದಳು. ನಾನು ಕಂಡದ್ದೆಲ್ಲ ಕೃತಕ ದೃಶ್ಯ, ದಾರ ಎಂಬುದು ನನ್ನ ಕಣ್ಣಿನ ದಣಿವು. ಅಕ್ಷರ ಸೊಟ್ಟಗಾಗದಂತೆ ನಿಧಾನಕ್ಕೆ ಬರೆದಳು. ಪ್ರಹ್ಲಾದ ಸರ್ ಹಾಳೆ ಮಡಚಿಟ್ಟು, ಅವಳ ಮುಖ ನೋಡದೆ, "ಮ್ಯಾಲಿಂದ ಹೊಸಾ ಪಾಠ ಬಂದದ. ನಿಮಗ ಮಾತ್ರ" ಅಂದರು.

ಕನ್ನಡಕ ಹಾಕಿಕೊಂಡಳು. ಮಂಜು, ಚಾವಣಿ, ಕೊಂಡಿ, ದಾರ. ಅಡಿಯಲ್ಲಿ ಅಕ್ಷರ ಮೂಡಿತು: ಬಾಹ್ಯ ವಸ್ತುಗಳ ನಿವಾರಣೆ. ಕೊಂಡಿಗಳಲ್ಲಿರುವ ಅಂಥ ವಸ್ತುಗಳನ್ನೆಲ್ಲ ಹುಡುಕಿ ತೆಗೆಯತಕ್ಕದ್ದು.

ಉಡದ ಕೈಗೆ ಸಣ್ಣ ಬ್ಲೇಡು ಸಿಗಿಸಿದ್ದರು. ಗಂಟಿನ ಮೇಲೆ ಬೆರಳಿಟ್ಟಾಗ ಉಣ್ಣೆ ಗವಸಿನೊಳಗೆ ಮತ್ತೆ ಚುಚ್ಚಿತು. ಬಿಚ್ಚಲು ಬರುತ್ತದೆಯೇ ಎಂದು ನೋಡಿದಳು. ಅವನು ಕಟ್ಟಿದ ಗಂಟು, ಸಡಿಲವಾಗಲಿಲ್ಲ. ಬ್ಲೇಡು ತಾಗಿಸಿ ಒಮ್ಮೆ ಎಳೆದಳು, ಇನ್ನೊಮ್ಮೆ ಎಳೆದಳು. ಮೂರನೆಯ ಸಲಕ್ಕೆ ಹರಿಯಿತು. ಗಾಳಿ ಅದನ್ನು ಎತ್ತಿಕೊಂಡು ಹೋಯಿತು. ಅವಳಿಗೆ ಕಂಡದ್ದು ಮಾತ್ರ ಮಂಜಿನೊಳಗೆ ಕರಗಿದ ಹಾಗೆ. ಕನ್ನಡಕದೊಳಗೇ ಅತ್ತಳು. ಅಳುವುದರಿಂದ ಕೈ ನಡುಗಿದರೆ ಹತ್ತು ತಾಸು ಕಡಿತ ಎಂಬುದು ನೆನಪಾಗಿ, ಕೈಯನ್ನು ಬಿಗಿಹಿಡಿದು ಅತ್ತಳು.

ಸಂಜೆ ಮನೆಗೆ ಬಂದವನೇ ಈರಬಸಪ್ಪ ಟಂಟಂ ಕೀಲಿಯನ್ನು ಗೂಟಕ್ಕೆ ಎಸೆದು ಅಂದ: "ಇವತ್ತ ಮೂರ ಸಲ ಕೈ ಬೀಸಿದಿ! ಮಗ ಸುಮ್ನ ಕೂಡವಲ್ಲ, ಬೀದ್ಯಾಗ ಎಲ್ಲಾರಿಗೂ ಹೇಳಾಕತ್ಯಾನ, ನಮ್ಮವ್ವ, ನಮ್ಮವ್ವ ಅಂತ."

"ನಾ ಕೈ ಬೀಸಲಿಲ್ರೀ," ಅಂದಳು ಫಕೀರವ್ವ. ಸುಳ್ಳು ಹೇಳುವ ಶಕ್ತಿ ಅವತ್ತಿನ ಮಟ್ಟಿಗೆ ತೀರಿತ್ತು. "ನಿಮ್ಮ ದಾರ ಹರದೆ."

ಅವಳು ನಿಯಮದ ಹಾಳೆ, ಹುಸೇನಬಿಯ ಮೂರು ತಾಸು, ತನ್ನ ಸಹಿ, ಬೋರ್ಡು, ಬೋರ್ಡು ಬಂದರೆ ಮೊದಲು ಅವನನ್ನೇ ಕರೆಯಬೇಕೆಂದಿದ್ದದ್ದು, ಎಲ್ಲ ಹೇಳಿದಳು. ಹೇಳುವಾಗ ಒಮ್ಮೆಯೂ ಅವನ ಮುಖ ನೋಡಲಿಲ್ಲ. ಬೈಯಲಿ, ಎರಡು ಏಟು ಹಾಕಲಿ ಎಂದು ಕಾದಳು. ಈರಬಸಪ್ಪ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಬೆಳಕಿರುವವರೆಗೂ ಗುಡ್ಡ ನೋಡುತ್ತ ಕೂತಿದ್ದ. ಅವಳು ತಾಟು ಹಚ್ಚಿ ಕರೆದಾಗ ಒಳಗೆ ಬಂದು, ರೊಟ್ಟಿ ಮುರಿಯುತ್ತ ಕೇಳಿದ.

"ಎಷ್ಟು ಮಾರ್ಕ್ಸ್ ಬಿತ್ತು?"

"ನೂರಕ್ಕ ನೂರು."

"ಇನ್ನ ಎಷ್ಟ ತಾಸು?"

"ಹದಿನೈದು. ಉಳದ ಹದಿಮೂರನ್ನೂ ಹುಡುಕಿ ತಗೀಬೇಕಂತ. ಒಂದು ಬಿಟ್ರೂ ಕಡಿತ."

ಅವನು ತಲೆಯಾಡಿಸಿದ. ಎರಡು ತುತ್ತು ತಿಂದ. ನೀರು ಕುಡಿದ. ಆಮೇಲೆ ಮಗನ ನೋಟುಬುಕ್ಕಿನಿಂದ ಒಂದು ಹಾಳೆ ಹರಿದು ಅವಳ ಮುಂದಿಟ್ಟು, ತಾನು ಬರೆಯಲಾರದವನಾದ್ದರಿಂದ ಪೆನ್ನನ್ನು ಅವಳ ಕೈಗೇ ಕೊಟ್ಟ.

"ಬರಕೋ. ಮೂವತ್ತೆಂಟರಾಗ ಕೊಂಡಿ ಬುಡಕ್ಕ ಐತಿ, ನೋಡಿದ ಕೂಡ್ಲೆ ಕಾಣತೈತಿ. ನಲವತ್ತೊಂದರಾಗ ಒಳಗ ಕಟ್ಟೇನಿ, ಬಲಗಡೆ ಬೋಲ್ಟಿನ ಹಿಂದ, ಹುಡುಕಬೇಕಾಗತೈತಿ. ಐವತ್ತಾರರಾಗ ಎರಡು ಅದಾವ. ಅವತ್ತ ಗಾಳಿ ಭಾಳ ಇತ್ತು, ನನಗ ಅಂಜಿಕಿ ಆಗಿತ್ತು."